ಭಾಗ್ಯಳ ಗೋಲಿ ಪೆಟ್ಟಿಗೆ

೨೦೦೩ರ ಜೂನ್‌ನಲ್ಲಿ ನನಗೆ ಹೆಗ್ಗಡದೇವನಕೋಟೆಯ ಜೂನಿಯರ್ ಕಾಲೇಜಿಗೆ ವರ್ಗವಾಯಿತು. ಭೌತಶಾಸ್ತ್ರ ಪಾಠ ಮಾಡುವ ಕೆಲಸ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಸಾಮಾನು ಇಳಿಸಿ ಮೂರು ದಿನ ಆಗಿರಲಿಲ್ಲ, ಟಿ.ವಿ. ಕೆಟ್ಟು ಕೂತಿತು. ಪಕ್ಕದ ಮನೆಯವರು, "ವೀರಭದ್ರಸ್ವಾಮಿಗಳ ಅಂಗಡಿಗೆ ಕೊಡಿ ಸಾರ್. ಮೈಸೂರಲ್ಲಿ ಆಗಲ್ಲ ಅಂತ ವಾಪಸ್ ಕಳಿಸಿದ ಸೆಟ್ಟುಗಳೂ ಅಲ್ಲಿ ಸರಿಯಾಗಿವೆ" ಅಂದರು.

ಅಂಗಡಿ ಚಿಕ್ಕದು. ಮುಂದೆ ಗಾಜಿನ ಕೌಂಟರು, ಅದರ ಹಿಂದೆ ವಿಭೂತಿ ಹಚ್ಚಿಕೊಂಡು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ವೀರಭದ್ರಸ್ವಾಮಿ, ಅವರ ಬೆನ್ನಿಗೆ ಒಂದು ಹೂವಿನ ಪರದೆ. ನನ್ನ ಸೆಟ್ಟನ್ನು ಪರದೆಯ ಆಚೆ ಇಟ್ಟು ಬಂದು ಕಾಫಿ ತರಿಸಿದರು. ಊರಿನ ಸಮಾಚಾರವೆಲ್ಲ ಹೇಳಿದರು. ಮುಕ್ಕಾಲು ಗಂಟೆ ಕಳೆಯಿತು. ಅವರು ಕೂತ ಜಾಗದಿಂದ ಏಳಲೇ ಇಲ್ಲ. ಆದರೆ ಪರದೆಯ ಹಿಂದಿನಿಂದ ಸೀಸ ಕರಗಿದ ವಾಸನೆ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ನನ್ನ ಟಿ.ವಿ. ಮಾತಾಡತೊಡಗಿತು.

"ಏನಾಗಿತ್ತು ಸ್ವಾಮಿ?" ಎಂದು ಕೇಳಿದೆ.

"ಪಿಚ್ಚರ್ ಟ್ಯೂಬ್ ವೀಕಾಗಿತ್ತು ಸಾರ್. ಸರಿ ಮಾಡಿದೀವಿ."

"ಟ್ಯೂಬ್‌ಗೆ ಏನೂ ಆಗಿರ್ನಿಲ್ಲ," ಎಂದು ಪರದೆಯ ಹಿಂದಿನಿಂದ ಒಂದು ಹೆಣ್ಣು ದನಿ ಬಂತು. "ಒಂದು ಕಂಡೆನ್ಸರ್ ಹೋಗಿತ್ತು. ಬದಲಾಯ್ಸಿದೀನಿ."

ಸ್ವಾಮಿಗಳು ನಕ್ಕು, ಮಳೆಯ ವಿಷಯ ಎತ್ತಿದರು. ನಾನು ಎದ್ದು ಪರದೆ ಸರಿಸಿದೆ. ಇಪ್ಪತ್ತು ಇಪ್ಪತ್ತೊಂದರ ಹುಡುಗಿ, ಮರದ ಸ್ಟೂಲಿನ ಮೇಲೆ ಕೂತು ನನ್ನ ಟಿ.ವಿ.ಯ ಹಿಂಬದಿಯ ಸ್ಕ್ರೂ ಬಿಗಿಯುತ್ತಿದ್ದಳು. ನನ್ನನ್ನು ನೋಡಿ ಏಳಹೋದಳು, ಮಡಿಲಲ್ಲಿದ್ದ ಸ್ಕ್ರೂಗಳು ಬೀಳುತ್ತವೆಂದು ಮತ್ತೆ ಕೂತಳು. ಅವಳೇ ಭಾಗ್ಯ.

ಅವಳ ಅಪ್ಪ ಈರ, ಅವ್ವ ಚಿಕ್ಕಮಾದಿ. ಕಬಿನಿ ಹಿನ್ನೀರಿನ ಕಡೆ ಕಾಡಂಚಿನ ಒಂದು ಹಾಡಿಯ ಜೇನುಕುರುಬರು. ಈರ ವರ್ಷದಲ್ಲಿ ಕೆಲವು ತಿಂಗಳು ಜೇನು ಕೀಳುತ್ತಿದ್ದ, ಉಳಿದ ತಿಂಗಳು ಗಂಡಹೆಂಡಿರಿಬ್ಬರೂ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಭಾಗ್ಯ ಆಶ್ರಮ ಶಾಲೆಯಲ್ಲಿ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದಳು. ಮೈಸೂರಿನಲ್ಲಿ ಆರು ತಿಂಗಳ ರೇಡಿಯೋ, ಟಿ.ವಿ. ರಿಪೇರಿ ತರಬೇತಿ ಇದೆ ಎಂದು ತಿಳಿದು ಅರ್ಜಿ ಹಾಕಿದಳು. ಅಲ್ಲಿಯವರು, "ಹೊಲಿಗೆ ತರಬೇತಿ ಪಕ್ಕದ ಕೋಣೆ ಕಣಮ್ಮ" ಎಂದು ಎರಡು ಸಲ ಹೊರಗೆ ಕಳಿಸಿದರಂತೆ. ಮೂರನೇ ಸಲ ಅವಳು ಒಳಗೆ ಹೋಗಿ ಬೆಂಚಿನ ಮೇಲೆ ಕೂತೇಬಿಟ್ಟಳು.

ತರಬೇತಿ ಮುಗಿದ ಮೇಲೆ ಕೋಟೆಯಲ್ಲಿ ಕೆಲಸ ಕೊಟ್ಟವರು ವೀರಭದ್ರಸ್ವಾಮಿ. ಅದನ್ನು ಅವಳು ಯಾವತ್ತೂ ಮರೆಯಲಿಲ್ಲ. ಆದರೆ ಪರದೆ ಹಾಕಿಸಿದವರೂ ಅವರೇ. "ಜನ ಒಂಥರಾ ಸಾರ್. ಹಾಡಿ ಹುಡುಗಿ ಬಿಚ್ತಾಳೆ ಅಂದ್ರೆ ಸೆಟ್ಟು ಕೊಡಲ್ಲ," ಎಂದು ನನಗೆ ಮೆಲ್ಲಗೆ ಹೇಳಿದರು. ಇದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಪರದೆಯಿಂದ ಅವರಿಗೆ ಇನ್ನೊಂದು ಅನುಕೂಲವೂ ಆಗಿತ್ತು. ತಾಲ್ಲೂಕಿನ ದೊಡ್ಡ ಮೆಕ್ಯಾನಿಕ್ ಎಂಬ ಹೆಸರು ಅವರಿಗೇ ಬಂದಿತ್ತು.

ಆ ವರ್ಷ ಕೋಟೆಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಯುತ್ತಿತ್ತು. ಅಲ್ಲಿನ ಮಾನಿಟರ್ ಒಂದು ಕೆಟ್ಟಾಗ ಸ್ವಾಮಿಗಳು ಭಾಗ್ಯಳನ್ನು ಕಳಿಸಿದರು. ಕೆಲಸ ಮುಗಿಸಿ ಟೂಲ್ ಬ್ಯಾಗ್ ಹೆಗಲಿಗೇರಿಸುವಾಗ ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಆಡುತ್ತಿದ್ದ ಆಟ ಕಣ್ಣಿಗೆ ಬಿತ್ತು. ಬಣ್ಣಬಣ್ಣದ ಒಂದು ಇಳಿಜಾರು ಮೇಜು. ಅದರ ಮೇಲೆ ಒಂದು ಉಕ್ಕಿನ ಗೋಲಿ ಕಂಬಗಳಿಗೆ ಬಡಿದು, ದೀಪ ಹೊತ್ತಿಸಿ, ಕೆಳಗೆ ಜಾರಿ ಬರುತ್ತಿತ್ತು. ತಳದಲ್ಲಿ ಎರಡು ಪುಟ್ಟ ರೆಕ್ಕೆಗಳು. ಕೀಲಿ ಒತ್ತಿದರೆ ರೆಕ್ಕೆ ಎಗರಿ ಗೋಲಿಯನ್ನು ಮತ್ತೆ ಮೇಲಕ್ಕೆ ಹೊಡೆಯುತ್ತಿತ್ತು. ರೆಕ್ಕೆಗೆ ಸಿಗದೆ ಜಾರಿದರೆ ಗೋಲಿ ಹೋದಂತೆ. ಭಾಗ್ಯ ಬ್ಯಾಗು ಹೊತ್ತೇ ಬಹಳ ಹೊತ್ತು ನಿಂತು ನೋಡಿದಳು.

ಮರುದಿನ ಕಾಲೇಜಿನಿಂದ ಬರುವಾಗ ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿದಳು.

"ಸಾ, ಎಂಟನೇ ಕ್ಲಾಸಲ್ಲಿ ನಮ್ಮುನ್ನ ಮೈಸೂರು ಎಗ್ಜಿಬಿಷನ್‌ಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಇದೇ ಆಟದ ದೊಡ್ಡ ಪೆಟ್ಟಿಗೆ ಇತ್ತು. ಗಾಜಿನ ಕೆಳಗೆ ನಿಜವಾದ ಗೋಲಿ. ನನ್ನ ಗೋಲಿ ಕಣ್ಮುಚ್ಚಿ ಬಿಡೋದ್ರೊಳಗೆ ಹೋಯ್ತು. ಎಲ್ಲಿ ಹೋಯ್ತು ಅಂತ ಕೆಳಗೆ ಬಗ್ಗಿ ನೋಡುದ್ರೆ ಆವಯ್ಯ ಗದರ್ಸಿ ಓಡ್ಸುದ."

"ಈಗ ಏನು ಮಾಡಬೇಕು ಅಂತ?"

"ಅಂಥದ್ದೊಂದು ಪೆಟ್ಟಿಗೆ ಮಾಡ್ತೀನಿ ಸಾ. ಒಳಗೆ ಕಂಪ್ಯೂಟರ್ ಇಟ್ಟು, ಮಾನಿಟರ್ ಮಲಗ್ಸಿ, ಮೇಲೆ ಗಾಜು ಹಾಕಿ. ಕೀಲಿಮಣೆ ಇರ್ಬಾರ್ದು. ನಿಂತ್ಕೊಂಡು ಪಕ್ಕದಲ್ಲಿ ಗುಂಡಿ ಒತ್ತಬೇಕು."

ನನಗೆ ಅದೊಂದು ಹುಡುಗಾಟದ ಮಾತು ಅನ್ನಿಸಿತು. ಹೂಂ ಅಂದು ಮನೆಗೆ ಹೋದೆ.

ಆರು ತಿಂಗಳಿಗೆ ಆ ಕೇಂದ್ರ ಮುಚ್ಚಿತು. ಒಂಬತ್ತು ಕಂಪ್ಯೂಟರುಗಳಲ್ಲಿ ಆರು ಶುರುವೇ ಆಗುತ್ತಿರಲಿಲ್ಲ. ಗುಜರಿಯವನು ಬಂದು ನಿಂತಿದ್ದಾಗ ಭಾಗ್ಯ ಹೋಗಿ ಒಂದರ ಮುಚ್ಚಳ ತೆಗೆದು ನೋಡಿದಳು. ಒಳಗಿನ ದೊಡ್ಡ ಬೋರ್ಡಿನ ಮೇಲೆ ಸಾಲಾಗಿ ನಿಂತಿದ್ದ ಪುಟ್ಟ ಡಬ್ಬಿಗಳಂಥ ಕಂಡೆನ್ಸರುಗಳ ನೆತ್ತಿ ಊದಿಕೊಂಡಿತ್ತು. ಕೆಲವು ಒಡೆದು ಕಂದು ರಸ ಸುರಿಸಿದ್ದವು. ಆರೂ ಕಂಪ್ಯೂಟರುಗಳ ಕಾಯಿಲೆ ಅದೊಂದೇ. ಅವಳು ಎರಡನ್ನು ತನಗೆ ಕೊಡುವಂತೆ ಕೇಳಿದಳು, ಬದಲಿಗೆ ಉಳಿದ ನಾಲ್ಕನ್ನು ಸರಿಮಾಡಿ ಕೊಡುವ ಮಾತಾಯಿತು. ಒಂದು ವಾರ, ಅಂಗಡಿಯ ಕೆಲಸ ಮುಗಿದ ಸಂಜೆಗಳಲ್ಲಿ ಕೂತು, ಊದಿದ್ದನ್ನೆಲ್ಲ ಕಿತ್ತು ಹೊಸದನ್ನು ಬೆಸೆದಳು. ನಾಲ್ಕೂ ಶುರುವಾದವು. ಕೇಂದ್ರದವನು ಬಾಯಿ ಬಿಟ್ಟುಕೊಂಡು ನೋಡಿ, ತನ್ನ ದೊಡ್ಡ ಮಾನಿಟರನ್ನೂ ಅವಳಿಗೇ ಕೊಟ್ಟು ಕಳಿಸಿದ.

ಅವತ್ತಿನಿಂದ ನಾನು ಹೂಂ ಅನ್ನುವುದನ್ನು ಬಿಟ್ಟು ಸರಿಯಾಗಿ ಕೇಳಿಸಿಕೊಳ್ಳತೊಡಗಿದೆ. ಅಂಗಡಿಯಲ್ಲಿ ಜಾಗ ಇರಲಿಲ್ಲ. ನನ್ನ ಮನೆಯ ಪಡಸಾಲೆ ಬರಿದಾಗಿತ್ತು. ಭಾನುವಾರಗಳಲ್ಲಿ ಅಲ್ಲೇ ಕೆಲಸ ಮಾಡಲಿ ಎಂದೆ. ನನ್ನ ಹೆಂಡತಿ ಬೃಂದಾ ಮೊದಲ ಭಾನುವಾರ, "ಇದೆಲ್ಲ ಎಷ್ಟು ದಿನ?" ಎಂದು ಕೇಳಿದಳು. ಮೂರನೇ ಭಾನುವಾರದ ಹೊತ್ತಿಗೆ ಅವಳೇ ಬೆಸುಗೆಗೆ ತಂತಿ ಹಿಡಿಯುತ್ತಿದ್ದಳು.

ಮರದ ಕೆಲಸಕ್ಕೆ ಭಾಗ್ಯ ಹುಣಸೂರಿಗೆ ಹೋದಳು. ಅಲ್ಲಿ ಮರದ ಮಂಡಿಗಳ ಸಾಲಿನ ಕೊನೆಯಲ್ಲಿ ಸಣ್ಣಬೀರಯ್ಯ ಎಂಬ ಬಡಗಿ. ಐವತ್ತೈದರ ಮನುಷ್ಯ, ಬಾಗಿಲು, ಕಿಟಕಿ, ಮಂಚ ಮಾಡಿಕೊಂಡಿದ್ದವನು. ಭಾಗ್ಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದಿದ್ದ ಚಿತ್ರವನ್ನು ಅವನು ತಿರುವಿ ಮುರುವಿ ನೋಡಿದ.

"ಇದೇನ್ ಕೂಸೇ, ತೊಟ್ಲಾ, ಪೆಟಾರಿಯಾ?"

"ಆಟ ಆಡೋ ಪೆಟ್ಟಿಗೆ ಬೀರಣ್ಣ. ಮೇಲ್ಗಡೆ ಇಳಿಜಾರಾಗಿರ್ಬೇಕು. ಒಳಗೆ ಮಾನಿಟರ್ ಮಲಗ್ಬೇಕು."

"ಯಾರ್ ಆಡೋದು?"

"ಯಾರ್ ಬೇಕಾರೂ."

"ಅಂಗಂದ್ರೆ ಎತ್ರ ಎಷ್ಟು ಅಂತ ಮಡಗ್ಲಿ? ಆರಡಿ ಆಳು ನಿಲ್ತಾನೋ, ನಿನ್ನಂಥವ್ಳು ನಿಲ್ತಾಳೋ?"

ಆ ಪ್ರಶ್ನೆ ಭಾಗ್ಯಳಿಗೆ ಹೊಳೆದಿರಲಿಲ್ಲ. ಯೋಚಿಸಿ, ತನ್ನ ಸೊಂಟದ ಹತ್ತಿರ ಕೈ ಇಟ್ಟು ತೋರಿಸಿದಳು. "ಇಷ್ಟ್ಕೆ ಮಾಡಿ. ಎತ್ರದೋರು ಬಗ್ಗುತಾರೆ."

ಸಣ್ಣಬೀರಯ್ಯ ಕೊಡಗಿನಿಂದ ಬಂದ ಸಿಲ್ವರ್ ಓಕ್‌ನಲ್ಲಿ ಚೌಕಟ್ಟು ಮಾಡಿದ, ಪಕ್ಕಗಳಿಗೆ ಪ್ಲೈವುಡ್ ಹಾಕಿದ. ನಾಲ್ಕು ಕಾಲುಗಳನ್ನು ಬಿಚ್ಚಿ ಜೋಡಿಸುವಂತೆ ಮಾಡಿದ್ದು ಅವನದೇ ಯೋಚನೆ. ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಕೋಟೆಗೆ ತಂದ. ಪೆಟ್ಟಿಗೆ ಕೊಟ್ಟು ಮುಂದಿನ ಬಸ್ಸಿಗೇ ವಾಪಸ್ ಹೋಗುತ್ತೇನೆ ಅಂದವನು ಭಾಗ್ಯ ಒಳಗೆ ಕೂತು ಅಳತೆ ತೆಗೆಯುವುದನ್ನು ನೋಡುತ್ತ ನಿಂತ. ಅವತ್ತು ಕೊನೆಯ ಬಸ್ಸಿಗೆ ಹೋದ. ಮುಂದಿನ ಭಾನುವಾರ ಯಾರೂ ಕರೆಯದಿದ್ದರೂ ಉಳಿ, ತೂತು ಹಾಕುವ ಬೈರಿಗೆ ಹಿಡಿದು ಬಂದ. ಭೌತಶಾಸ್ತ್ರ ಗೊತ್ತಿದ್ದ ನಾನು ಆ ಪಡಸಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಉಪಯೋಗಕ್ಕೆ ಬಂದವನು.

ಮೊದಲ ತೊಡಕು ಗುಂಡಿಗಳದು. ಕಂಪ್ಯೂಟರಿಗೆ ಕೀಲಿಮಣೆಯ ಭಾಷೆ ಮಾತ್ರ ಗೊತ್ತು. ಭಾಗ್ಯ ಒಂದು ಹಳೆಯ ಕೀಲಿಮಣೆ ಬಿಚ್ಚಿದಳು. ಒಳಗೆ ಗೆರೆಗಳಿದ್ದ ಎರಡು ತೆಳು ಪ್ಲಾಸ್ಟಿಕ್ ಹಾಳೆ, ಮೂಲೆಯಲ್ಲಿ ಅಂಗೈ ಅಗಲದ ಸಣ್ಣ ಬೋರ್ಡು. ಆಟಕ್ಕೆ ಬೇಕಾದ ಕೀಲಿಗಳು ಮೂರೇ. ಎಡ ರೆಕ್ಕೆಗೊಂದು, ಬಲ ರೆಕ್ಕೆಗೊಂದು, ಗೋಲಿ ಚಿಮ್ಮಿಸಲು ಒಂದು. ಆ ಮೂರು ಕೀಲಿಗಳ ಗೆರೆ ಬೋರ್ಡಿನ ಯಾವ ಯಾವ ಕಾಲಿಗೆ ಹೋಗುತ್ತದೆ ಎಂದು ಮೀಟರ್ ಇಟ್ಟು ಒಂದೊಂದಾಗಿ ಹುಡುಕಿ, ಬೃಂದಾಳ ಅಡಿಗೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಹಾಳೆಗಳನ್ನು ಎಸೆದು, ಬೋರ್ಡಿಗೇ ತಂತಿ ಬೆಸೆದು, ತಂತಿಯ ತುದಿಗೆ ಕಾಲಿಂಗ್ ಬೆಲ್ಲಿನ ಗುಂಡಿ ಕೂರಿಸಿದಳು. ಗೋಲಿ ಚಿಮ್ಮಿಸಲು ಮಾತ್ರ ಗುಂಡಿ ಒಪ್ಪಲಿಲ್ಲ. ಎಳೆದು ಬಿಡುವಂತಿರಬೇಕು ಅಂದಳು. ಲೂನಾ ಗಾಡಿಯ ಒಂದು ಸ್ಪ್ರಿಂಗ್, ಒಂದು ಕಬ್ಬಿಣದ ಸರಳು, ತುದಿಗೆ ಸಣ್ಣಬೀರಯ್ಯ ಕಡೆದ ಬೀಟೆಯ ಹಿಡಿ. ಎಳೆದರೆ ಸಂಪರ್ಕ ಕೂಡುತ್ತದೆ, ಬಿಟ್ಟರೆ ಕಡಿದು ಗೋಲಿ ಹಾರುತ್ತದೆ.

ಎರಡನೆಯದು ಬಣ್ಣದ್ದು. ಮಾನಿಟರನ್ನು ಮುಖ ಮೇಲೆ ಮಾಡಿ ಪೆಟ್ಟಿಗೆಯೊಳಗೆ ಮಲಗಿಸಿ ಸ್ವಿಚ್ ಹಾಕಿದರೆ ಚಿತ್ರದ ಒಂದು ಮೂಲೆ ನೇರಳೆ, ಇನ್ನೊಂದು ಮೂಲೆ ಹಸಿರು. ನಾನು ನೋಡಿದವನೇ, "ತರುವಾಗ ಎಲ್ಲೋ ಪೆಟ್ಟು ಬಿದ್ದಿದೆ, ಟ್ಯೂಬ್ ಹೋಯಿತು" ಎಂದು ತೀರ್ಪು ಕೊಟ್ಟೆ.

"ಟ್ಯೂಬ್ ಚೆನ್ನಾಗೇ ಅದೆ ಸಾ," ಅಂದಳು ಭಾಗ್ಯ. "ಇಷ್ಟ್ ದಿವ್ಸ ನೆಟ್ಟಗೆ ಕೂತಿತ್ತು, ಈಗ ಮಲಗ್ಸಿದೀವಿ. ಭೂಮಿಗೆ ಆಯಸ್ಕಾಂತದ ಗುಣ ಅದೆಯಲ್ಲ, ಅದು ಈಗ ಬೇರೆ ಕಡೆಯಿಂದ ಎಳೀತದೆ. ಟ್ಯೂಬ್ ಒಳಗಿನ ಜಾಲರಿ ಅದ್ನ ಹಿಡ್ಕಂಡದೆ. ಬುಡುಸ್ಬೇಕು."

ನಾನು ವರ್ಷಾ ವರ್ಷಾ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಪಾಠ ಅದು. ನನಗೆ ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಅವಳು ಅಂಗಡಿಯಿಂದ ತಂತಿ ಸುತ್ತಿದ ಒಂದು ದೊಡ್ಡ ಬಳೆ ತಂದಳು. ಅದಕ್ಕೆ ಕರೆಂಟು ಕೊಟ್ಟು, ಆರತಿ ಎತ್ತುವ ಹಾಗೆ ಗಾಜಿನ ಮೇಲೆ ಸುತ್ತಿಸಿದಳು. ಬಣ್ಣಗಳೆಲ್ಲ ಕಾಮನಬಿಲ್ಲಿನಂತೆ ಕಲೆಸಿ ಕುಣಿದವು. ಬಳೆಯನ್ನು ಸುತ್ತಿಸುತ್ತಲೇ ಮೆಲ್ಲಗೆ ಹಿಂದೆ ಸರಿದು ದೂರ ಹೋಗಿ ಕರೆಂಟು ತೆಗೆದಳು. ಚಿತ್ರ ತಿಳಿಯಾಗಿ ನಿಂತಿತು.

ಆಟ ನಡೆಯಿತು. ಆದರೂ ಭಾಗ್ಯಳ ಮುಖ ಅರಳಲಿಲ್ಲ. ನಾಲ್ಕು ಸಲ ಆಡಿ ಕೈ ಇಳಿಬಿಟ್ಟಳು.

"ಎಲ್ಲಾ ಸರಿ ಅದೆ. ಕೈಗೆ ಏನೂ ಸಿಕ್ತಿಲ್ಲ," ಅಂದಳು. ಎಗ್ಜಿಬಿಷನ್ನಿನ ಪೆಟ್ಟಿಗೆಯಲ್ಲಿ ರೆಕ್ಕೆ ಎಗರಿದರೆ ಅಂಗೈಗೆ ಗುದ್ದು ತಾಗುತ್ತಿತ್ತಂತೆ.

ಎರಡು ವಾರ ಅವಳು ಅದನ್ನೇ ಯೋಚಿಸಿದಳು. ಆ ದಿನಗಳಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಒಂದನ್ನು ಯಾರೋ ಪರೀಕ್ಷೆ ಮಾಡುತ್ತಿದ್ದರು. ಹಸಿರು ಗುಂಡಿ ಒತ್ತಿದ ಕೂಡಲೇ ಒಳಗಿನ ಕಬ್ಬಿಣ ದಬ್ಬನೆ ಬಡಿದು ಮೇಜೇ ಅದುರಿತು. ಭಾಗ್ಯ ಅಲ್ಲೇ ನಿಂತಳು. ಸುಟ್ಟುಹೋದ ಎರಡು ಸ್ಟಾರ್ಟರ್ ಕೇಳಿ ತಂದಳು. ಕರಕಲಾದ ಸುರುಳಿ ಬಿಚ್ಚಿ, ಕಡಿಮೆ ವೋಲ್ಟೇಜಿಗೆ ಓಡುವಂತೆ ದಪ್ಪ ತಂತಿಯನ್ನು ತಾನೇ ಸುತ್ತಿ, ಎಡಕ್ಕೊಂದು ಬಲಕ್ಕೊಂದು ಗುಂಡಿಗಳ ಹಿಂದೆ ಮರಕ್ಕೆ ಬಿಗಿದಳು. ಆ ಭಾನುವಾರ ಸಣ್ಣಬೀರಯ್ಯ ಮೊದಲು ಆಡಿದ. ಗುಂಡಿ ಒತ್ತಿದ್ದೇ ತಡ ಪೆಟ್ಟಿಗೆ ದಬ್ ಎಂದಿತು, ಅವನು ಕೈ ಹಿಂದಕ್ಕೆ ತೆಗೆದ. ಮತ್ತೆ ಒತ್ತಿದ. ಆಮೇಲೆ ಊಟಕ್ಕೆ ಕರೆದರೂ ಬರಲಿಲ್ಲ.

ನಮ್ಮ ಬೀದಿಯವರೆಲ್ಲ ಅದಕ್ಕೆ ಗೋಲಿ ಪೆಟ್ಟಿಗೆ ಎಂದು ಹೆಸರಿಟ್ಟರು.

೨೦೦೫ರ ಫೆಬ್ರವರಿಯಲ್ಲಿ ಹುಣಸೂರಿನ ವರ್ತಕರೆಲ್ಲ ಸೇರಿ ಒಂದು ಕಲ್ಯಾಣಮಂಟಪದಲ್ಲಿ ಮೂರು ದಿನದ ವಸ್ತುಪ್ರದರ್ಶನ ಏರ್ಪಡಿಸಿದರು. ಸುತ್ತಲ ನಾಲ್ಕು ತಾಲ್ಲೂಕಿನವರು ಸ್ವಂತ ಕೈಯಿಂದ ತಯಾರಿಸಿದ ಯಂತ್ರಗಳಿಗೆ ಬಹುಮಾನ ಇತ್ತು. ಭಾಗ್ಯಳಿಗೆ ವಿಷಯ ಹೇಳಿದವನು ನಾನು. ಅರ್ಜಿ ತಂದವರು ವೀರಭದ್ರಸ್ವಾಮಿ. ತಯಾರಕರು ಎಂಬ ಕಡೆ ಅವರು ತಮ್ಮ ಅಂಗಡಿಯ ಹೆಸರು, ಕೆಳಗೆ ತಮ್ಮ ಹೆಸರು ಬರೆದು ಕಳಿಸಿದ್ದು ನಮಗೆ ಗೊತ್ತಾದದ್ದು ಹುಣಸೂರಿಗೆ ಹೋದ ಮೇಲೆ. ಮಳಿಗೆಯ ಮೇಲೆ ಬಟ್ಟೆಯ ಬ್ಯಾನರ್ ಕಟ್ಟಿತ್ತು. ದೊಡ್ಡ ಅಕ್ಷರದಲ್ಲಿ ಅವರ ಹೆಸರೇ ಇತ್ತು. ಭಾಗ್ಯ ಅದನ್ನು ಓದಿದಳು. ಪೆಟ್ಟಿಗೆಯ ಕಾಲು ಜೋಡಿಸಲು ಕೂತಳು.

"ಏನವ್ವ ಇದು?" ಎಂದು ಸಣ್ಣಬೀರಯ್ಯ ಗೊಣಗಿದ. "ಮರ ನಂದು, ತಲೆ ನಿಂದು. ಹೆಸ್ರು ಈವಯ್ಯಂದಾ?"

"ಮೊದ್ಲು ಪೆಟ್ಟಿಗೆ ಓಡ್ಲಿ ಬೀರಣ್ಣ," ಅಂದಳು.

ಪೆಟ್ಟಿಗೆ ಓಡಿತು. ಮೊದಲ ದಿನ ಜನ ಸಾಲು ನಿಂತರು. ಪ್ರದರ್ಶನದವರು, ಮೂರು ದಿನದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರ ಹೆಸರನ್ನೂ ಕೊನೆಯ ದಿನ ಕೂಗುತ್ತೇವೆ ಅಂದುಬಿಟ್ಟಿದ್ದರಿಂದ ನೂಕುನುಗ್ಗಲಾಯಿತು. ಕಾಲೇಜಿನವರು ಗುಂಡಿಗಳನ್ನು ಬಡಿದು ಬಡಿದು ಆಡಿದರು. ಸಣ್ಣಬೀರಯ್ಯ ಪಕ್ಕದಲ್ಲೇ ನಿಂತು, "ಮೆತ್ತಗೆ ಒತ್ರಪ್ಪ, ಮರ ಕಣ್ರೋ ಅದು" ಅನ್ನುತ್ತಿದ್ದ.

ಎರಡನೆಯ ದಿನ ಬೆಳಗ್ಗೆ ತೀರ್ಪುಗಾರರು ಬರುವವರಿದ್ದರು. ಮೂವರು. ಅವರಲ್ಲಿ ಮುಖ್ಯರಾದವರು ನಿವೃತ್ತ ಇಂಜಿನಿಯರ್ ಚಲುವಯ್ಯನವರು, ಎಪ್ಪತ್ತರ ಹತ್ತಿರದವರು, ಮಾತು ಕಡಿಮೆ. ಅವರು ನಮ್ಮ ಮಳಿಗೆಗೆ ಬರುವ ಹತ್ತು ನಿಮಿಷ ಮುಂಚೆ ಭಾಗ್ಯ ಸ್ವಿಚ್ ಹಾಕಿದಳು. ಗಾಜಿನ ಕೆಳಗೆ ಇಡೀ ಚಿತ್ರ ನೇರಳೆ, ಹಸಿರು, ಕೆಂಪು ಕಲೆಗಳಿಂದ ತುಂಬಿಹೋಗಿತ್ತು. ಗೋಲಿ ಎಲ್ಲಿದೆ ಎಂದು ಕಾಣುತ್ತಲೇ ಇರಲಿಲ್ಲ.

ಭಾಗ್ಯ ಬಳೆ ತೆಗೆದು ಸುತ್ತಿಸಿದಳು. ಬಣ್ಣ ಕಲೆಸಿತು, ತಿಳಿಯಾಗಲಿಲ್ಲ. ಬಳೆ ದೂರ ಹೋದ ಕೂಡಲೇ ಕಲೆಗಳು ವಾಪಸ್ ಬಂದು ಕೂತವು. ಇನ್ನೊಮ್ಮೆ ಮಾಡಿದಳು. ಅದೇ ಕಥೆ. ಅಷ್ಟರಲ್ಲಿ ತೀರ್ಪುಗಾರರು ಬಂದು ನಿಂತರು. ಹಿಂದೆ ಐವತ್ತು ಅರವತ್ತು ಜನ.

"ಏನಾಗಿದೆ?" ಎಂದು ಚಲುವಯ್ಯನವರು ಬ್ಯಾನರಿನ ಹೆಸರು ಓದಿಕೊಂಡು ವೀರಭದ್ರಸ್ವಾಮಿಗಳನ್ನು ಕೇಳಿದರು.

"ಪಿಚ್ಚರ್ ಟ್ಯೂಬ್ ವೀಕಾಗಿದೆ ಸಾರ್," ಅಂದರು ಸ್ವಾಮಿಗಳು. ಅವರ ಹಣೆ ಬೆವತಿತ್ತು. "ನಾಳೆಯೊಳಗೆ ಬೇರೆ ಹಾಕಿಸ್ತೀವಿ."

ಚಲುವಯ್ಯನವರು ತಲೆಯಾಡಿಸಿ ಪುಸ್ತಕದಲ್ಲಿ ಏನೋ ಬರೆಯಲು ಪೆನ್ನು ತೆಗೆದರು.

ಭಾಗ್ಯ ಆ ಕಡೆ ನೋಡುತ್ತಲೇ ಇರಲಿಲ್ಲ. ಅವಳು ಚಿತ್ರದ ಕಲೆಗಳನ್ನು ನೋಡುತ್ತಿದ್ದಳು. ಎಲ್ಲಕ್ಕಿಂತ ಗಾಢವಾದ ಕಲೆ ಎಡ ಅಂಚಿನಲ್ಲಿತ್ತು, ಬಲಕ್ಕೆ ಬಂದಂತೆ ತೆಳುವಾಗುತ್ತಿತ್ತು. ಅವಳು ಎಡಕ್ಕೆ ತಿರುಗಿದಳು. ಎಡಗಡೆ ಪಕ್ಕದ ಮಳಿಗೆಯ ತಡಿಕೆ. ಜನರ ನಡುವೆ ನುಸುಳಿ ಆಚೆ ಹೋದಳು. ಅಲ್ಲಿ ಶಾಮಿಯಾನದವರಿಗೆ ಧ್ವನಿವರ್ಧಕ ಮಾರುವ ಒಬ್ಬ ವ್ಯಾಪಾರಿ ಹಿಂದಿನ ಸಂಜೆ ಹೊಸ ಮಾಲು ತರಿಸಿ, ತೊಟ್ಟಿಯಷ್ಟು ದೊಡ್ಡ ಸ್ಪೀಕರುಗಳನ್ನು ತಡಿಕೆಗೆ ಒರಗಿಸಿ ಒಂದರ ಮೇಲೊಂದು ಪೇರಿಸಿದ್ದ. ಪ್ರತಿಯೊಂದರ ಬೆನ್ನಿಗೂ ತಟ್ಟೆಯಗಲದ ಆಯಸ್ಕಾಂತ.

"ಅಣ್ಣ, ಇವುನ್ನ ಆ ಕೊನೆಗೆ ಇಟ್ಕೊಳ್ಳಿ," ಅಂದಳು.

"ಯಾಕವ್ವ? ನನ್ನ ಮಳಿಗೆ ಇದು."

"ನಿಮ್ಮ ಸ್ಪೀಕರ್ ಚೆನ್ನಾಗವೆ ಕಣಣ್ಣ. ತಡಿಕೆ ದಾಟ್ಕೊಂಡು ಬಂದು ನನ್ನ ಟ್ಯೂಬ್‌ನ ಎಳೀತಾವೆ. ಅಷ್ಟು ಶಕ್ತಿ ಅದೆ. ಅದ್ನೇ ಜನಕ್ಕೆ ಹೇಳಿ, ಇನ್ನೂ ನಾಕು ಮಾರ್ತೀರಿ."

ಅವನು ನಕ್ಕುಬಿಟ್ಟ. ಸಣ್ಣಬೀರಯ್ಯ, ನಾನು, ಆ ವ್ಯಾಪಾರಿ ಸೇರಿ ಸ್ಪೀಕರುಗಳನ್ನು ಮಂಟಪದ ಆ ತುದಿಗೆ ಹೊತ್ತೆವು. ಭಾಗ್ಯ ಬಂದು ಬಳೆ ಹಿಡಿದಳು. ಗಾಜಿನ ಮೇಲೆ ಸುತ್ತಿಸಿದಳು. ಬಣ್ಣದ ಸುಳಿಯೊಂದು ಎದ್ದು ತಿರುಗಿತು. ಹಿಂದಿದ್ದವರು ಕಾಲ್ತುದಿಯ ಮೇಲೆ ನಿಂತು ನೋಡಿದರು. ಅವಳು ಒಂದೊಂದೇ ಹೆಜ್ಜೆ ಹಿಂದಿಟ್ಟಳು, ಜನ ಅವಳಿಗೆ ದಾರಿ ಬಿಟ್ಟರು. ಐದಾರು ಹೆಜ್ಜೆಯ ಮೇಲೆ ಬಳೆಯ ಕರೆಂಟು ತೆಗೆದಾಗ ಗಾಜಿನ ಕೆಳಗೆ ನೀಲಿ ನೀಲಿಯಾಗಿ, ಹಳದಿ ಹಳದಿಯಾಗಿ, ಗೋಲಿ ಬೆಳ್ಳಗೆ ಹೊಳೆಯುತ್ತ ನಿಂತಿತ್ತು.

ಯಾರೋ ಚಪ್ಪಾಳೆ ತಟ್ಟಿದರು. ಚಲುವಯ್ಯನವರು ಪೆನ್ನು ಜೇಬಿಗೆ ಹಾಕಿಕೊಂಡರು.

"ಇದನ್ನ ಮಾಡಿದವರು ಯಾರು?" ಎಂದು ಕೇಳಿದರು. ಈ ಸಲ ಬ್ಯಾನರಿನ ಕಡೆ ನೋಡಲಿಲ್ಲ.

"ನಮ್ಮ ಅಂಗಡೀಲಿ..." ಎಂದು ವೀರಭದ್ರಸ್ವಾಮಿ ಶುರುಮಾಡಿದರು.

"ನಾನು ಮಾಡ್ದೆ ಸಾ," ಅಂದಳು ಭಾಗ್ಯ. ದನಿ ಏರಿಸಲಿಲ್ಲ. "ಮರದ ಕೆಲ್ಸ ಎಲ್ಲಾ ಬೀರಣ್ಣಂದು. ಮಿಕ್ಕಿದ್ದು ನಂದು."

"ಬಿಚ್ಚಿ ತೋರಿಸ್ತೀಯಾ?"

ಅವಳು ಪಕ್ಕದ ಬಾಗಿಲು ತೆರೆದಳು. ಅರ್ಧ ಗಂಟೆ ಚಲುವಯ್ಯನವರು ಮೊಣಕಾಲೂರಿ ಕೂತು ಕೇಳಿದರು, ಅವಳು ಹೇಳಿದಳು. ಕೀಲಿಮಣೆಯ ಬೋರ್ಡು, ಊದಿದ ಕಂಡೆನ್ಸರುಗಳ ಜಾಗ, ಲೂನಾದ ಸ್ಪ್ರಿಂಗು. ಸ್ಟಾರ್ಟರಿನ ಸುರುಳಿ ನೋಡಿ ಅವರು, "ಎಷ್ಟು ಸುತ್ತು?" ಎಂದರು. ಅವಳು ಲೆಕ್ಕ ಹೇಳಿದಳು. "ಯಾವ ಸೂತ್ರದಿಂದ?" ಎಂದರು. "ಮೊದ್ಲು ಸುತ್ತುದ್ದು ಸುಟ್ಟೋಯ್ತು ಸಾ. ಎರಡ್ನೇದು ಕಾಯ್ತು. ಮೂರ್ನೇದು ಸರ್ಯಾಯ್ತು," ಅಂದಳು. ಅವರು ಮೊದಲ ಸಲ ನಕ್ಕರು. ಆಮೇಲೆ ಎದ್ದು, ಕನ್ನಡಕ ಸರಿಮಾಡಿಕೊಂಡು, ಮೂರು ಗೋಲಿ ಆಡಿ, ಮೂರನ್ನೂ ಕಳೆದುಕೊಂಡು ಮುಂದಿನ ಮಳಿಗೆಗೆ ಹೋದರು.

ಅವತ್ತು ಮಧ್ಯಾಹ್ನ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಕಡೆಯಿಂದ ಆರೇಳು ಹೆಂಗಸರು ಬಂದರು. ಹೊಗೆಸೊಪ್ಪು ಕಡ್ಡಿಗೆ ಕಟ್ಟುವ ಕೆಲಸದವರು. ಅವರಲ್ಲಿ ಕುಳ್ಳಮ್ಮ ಎಂಬಾಕೆ, ಐವತ್ತು ದಾಟಿದವಳು, ಬಹಳ ಹೊತ್ತು ಪಕ್ಕದಲ್ಲಿ ನಿಂತು ಬೇರೆಯವರ ಆಟ ನೋಡಿದಳು.

"ಒಂದ್ ಕಿತ ನಾನೂ ಒತ್ತಾನ?" ಎಂದು ಭಾಗ್ಯಳನ್ನು ಕೇಳಿದಳು.

"ಒತ್ತಿ ಅವ್ವ. ಅದ್ಕೇ ಅಲ್ವಾ ಇಟ್ಟಿರೋದು."

ಪೆಟ್ಟಿಗೆಯ ಎತ್ತರ ಆಕೆಗೆ ಹೇಳಿ ಮಾಡಿಸಿದ ಹಾಗಿತ್ತು. ಮೊದಲ ಗೋಲಿ ಬೇಗ ಹೋಯಿತು. ಎರಡನೆಯದು ಹೋಗಲೇ ಇಲ್ಲ. ಕಾಲೇಜಿನವರ ಹಾಗೆ ಬಡಿಯದೆ, ಗೋಲಿ ರೆಕ್ಕೆಯ ತುದಿಗೆ ಬರುವವರೆಗೂ ಕಾದು, ಬೆರಳ ತುದಿಯಲ್ಲಿ ಒಮ್ಮೆ ಮಾತ್ರ ಒತ್ತುತ್ತಿದ್ದಳು. ದಿನಕ್ಕೆ ಸಾವಿರಾರು ಎಲೆ ಕಟ್ಟಿದ ಬೆರಳುಗಳು. ಸಾಲಿನಲ್ಲಿದ್ದವರು ಮೊದಲು ತಕರಾರು ಮಾಡಿದರು, ಆಮೇಲೆ ಸುತ್ತ ನೆರೆದು ಎಣಿಸತೊಡಗಿದರು. ಕೊನೆಗೆ, "ಬಸ್ ಹೊಂಟೋಯ್ತದೆ, ಬಾರಕ್ಕಾ" ಎಂದು ಜೊತೆಯವರೇ ಆಕೆಯನ್ನು ಎಳೆದುಕೊಂಡು ಹೋಗಬೇಕಾಯಿತು. ಆಕೆಯ ಅಂಕವನ್ನು ಮೂರನೆಯ ದಿನವೂ ಯಾರೂ ಮುಟ್ಟಲಿಲ್ಲ.

ಮೂರನೆಯ ದಿನ ಈರ, ಚಿಕ್ಕಮಾದಿ ಬಂದರು. ಕೊಡಗಿನ ತೋಟದಿಂದ ನೇರ ಬಂದಿದ್ದರು. ಬಹುಮಾನ ಕೂಗುವಾಗ ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಮುಂದೆ ಬನ್ನಿ ಎಂದು ಕರೆದರೆ ಈರ, ಇಲ್ಲೇ ಇರಲಿ ಎಂದು ಕೈಯಾಡಿಸಿದ. ಚಲುವಯ್ಯನವರೇ ಮೈಕು ಹಿಡಿದರು. "ಮೊದಲನೆಯ ಬಹುಮಾನ, ಹೆಗ್ಗಡದೇವನಕೋಟೆ ತಾಲ್ಲೂಕು, ಈರ ಅವರ ಮಗಳು ಭಾಗ್ಯ. ಜೊತೆಗೆ ಹುಣಸೂರಿನ ಸಣ್ಣಬೀರಯ್ಯ." ಸಣ್ಣಬೀರಯ್ಯ ತನ್ನ ಹೆಸರು ಬರುತ್ತದೆಂದು ಎಣಿಸಿರಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಸಮೇತ ವೇದಿಕೆ ಹತ್ತಿದ. ಭಾಗ್ಯ ಫಲಕ ತೆಗೆದುಕೊಂಡು, ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಇಬ್ಬರೂ ಹಿಡಿದು ನಿಂತರು. ಚಪ್ಪಾಳೆ ನಿಲ್ಲುವುದು ತಡವಾಯಿತು. ರಾವಂದೂರಿನ ಕಡೆಯವರೂ ಇದ್ದರು. ಕುಳ್ಳಮ್ಮನ ಹೆಸರು ಕೂಗಿದಾಗ ಅವರು ಹಾಕಿದ ಶಿಳ್ಳೆಯಿಂದ ಮಂಟಪವೇ ತುಂಬಿತು.

ಹೊರಗೆ ಬಂದಾಗ ಈರ ನನಗೆ ಹೇಳಿದ: "ಹಿಂದೆ ಒಂದ್ಸಲ ನನ್ನೆಸ್ರ ಕೂಗಿದ್ರು ಸಾ, ಕೋರ್ಟಲ್ಲಿ. ಜೇನು ಕಿತ್ತ ಕೇಸು. ಮೈಕಲ್ಲಿ ಕೂಗಿದ್ದು ಇದೇ ಮೊದ್ಲು." ಆಮೇಲೆ ಮಗಳ ಕಡೆ ತಿರುಗಿ ತಮ್ಮ ಮಾತಿನಲ್ಲಿ ಏನೋ ಅಂದ. ಅವಳು ನಕ್ಕಳು. ಏನೆಂದ ಎಂದು ನಾನು ಕೇಳಲಿಲ್ಲ. ಚಿಕ್ಕಮಾದಿ ಫಲಕವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು.

ವೀರಭದ್ರಸ್ವಾಮಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಭಾಗ್ಯಳನ್ನು ಕರೆಸಿ ಕೌಂಟರಿನ ಹಿಂದೆ ತಮ್ಮ ಪಕ್ಕದಲ್ಲಿ ಕೂರಿಸಿದರು. "ನಾನು ಮಾಡಿದ್ದು ಸರಿಯಿಲ್ಲ ಕಣಮ್ಮ. ನಿನ್ನ ಹೆಸರೂ ಬೋರ್ಡಿಗೆ ಬರೆಸ್ತೀನಿ, ಇಲ್ಲೇ ಇರು," ಅಂದರು. ಅವರು ಹಾಗೆ ಹೇಳುವುದು ಸುಲಭವಿರಲಿಲ್ಲ.

"ಕೆಲ್ಸ ಕೊಟ್ಟೋರು ನೀವೇ ಸ್ವಾಮೇರೆ. ಯಾವ್ ಸೆಟ್ಟು ತಲೆ ತಿಂದ್ರೂ ಕರೀರಿ, ಬತ್ತೀನಿ. ಅಂಗ್ಡಿ ಮಾತ್ರ ನಾನೇ ಮಡೀಕತೀನಿ," ಅಂದಳು ಭಾಗ್ಯ.

ಅದೇ ವರ್ಷ ತಾಲ್ಲೂಕು ಕಚೇರಿಯ ರಸ್ತೆಯಲ್ಲಿ ಅಂಗಡಿ ಇಟ್ಟಳು. ರಸ್ತೆಗೆ ಮುಖ ಮಾಡಿ ಬೆಂಚು ಹಾಕಿದಳು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಟಿ.ವಿ. ತಂದವರಲ್ಲಿ ಒಬ್ಬಿಬ್ಬರು ಮುಖ ನೋಡಿ ವಾಪಸ್ ಹೋದದ್ದೂ ಉಂಟು. ಅವರಲ್ಲಿ ಹೆಚ್ಚಿನವರು ತಿಂಗಳೊಳಗೆ ಅದೇ ಸೆಟ್ಟು ಹೊತ್ತು ಮತ್ತೆ ಬಂದರು.

ಗೋಲಿ ಪೆಟ್ಟಿಗೆಗೆ ಬೇಡಿಕೆ ಬರತೊಡಗಿತು. ಹುಣಸೂರಿನ ಒಂದು ಹೋಟೆಲಿಗೆ ಒಂದು, ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಎರಡು. ಪಿರಿಯಾಪಟ್ಟಣದ್ದಕ್ಕೆ ಸಂತೆಯ ದಿನ ಕುಳ್ಳಮ್ಮ ಬಂದು ಆಡುತ್ತಾಳೆಂದೂ, ಆಕೆ ಬಂದರೆ ಉಳಿದವರು ಸರಿದು ಜಾಗ ಬಿಡುತ್ತಾರೆಂದೂ ಸುದ್ದಿ ಇತ್ತು. ೨೦೦೯ರ ಹೊತ್ತಿಗೆ ಹದಿನಾಲ್ಕು ಪೆಟ್ಟಿಗೆ ಆಗಿದ್ದವು. ಸಣ್ಣಬೀರಯ್ಯ ಮಂಚ ಮಾಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದ.

ಹದಿನಾಲ್ಕನೆಯದನ್ನು ಕೆ.ಆರ್. ನಗರಕ್ಕೆ ಒಯ್ದಾಗ ನಾನೂ ಜೊತೆಗಿದ್ದೆ. ಚುಂಚನಕಟ್ಟೆ ರಸ್ತೆಯಲ್ಲಿ ನಂಜಣ್ಣ ಎಂಬುವರ ಬೇಕರಿ. ಟೆಂಪೋದಿಂದ ಇಳಿಸಿ, ಕಾಲು ಜೋಡಿಸಿ ನಿಲ್ಲಿಸಿದೆವು. ನಂಜಣ್ಣ ಸಣ್ಣಬೀರಯ್ಯನಿಗೆ, ನನಗೆ, ಟೆಂಪೋದವನಿಗೆ ಟೀ ಕೊಟ್ಟು, "ಮೆಕ್ಯಾನಿಕ್ಕು ಹಿಂದೆ ಬತ್ತಾವ್ರಾ?" ಎಂದು ಕೇಳಿದರು.

ಸಣ್ಣಬೀರಯ್ಯ ಟೀ ಊದುತ್ತ ಪೆಟ್ಟಿಗೆಯ ಕಡೆ ಗದ್ದ ತೋರಿಸಿದ. ಅದರ ಪಕ್ಕದ ಬಾಗಿಲಿನಿಂದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಭಾಗ್ಯಳ ದನಿ ಬಂತು: "ನಂಜಣ್ಣಾರೆ, ಸ್ವಿಚ್ ಹಾಕಿ. ನಿಂತ್ಕೊಳ್ಳಿ, ಮೊದ್ಲು ನೀವೇ ಆಡ್ಬೇಕು."

ನಂಜಣ್ಣ ಸ್ವಿಚ್ ಹಾಕಿದರು. ಗಾಜಿನ ಕೆಳಗೆ ಬೆಳಕು ಹರಡಿತು. ಬ್ರೆಡ್ಡು ಕೊಳ್ಳಲು ಬಂದಿದ್ದವರು ಚೀಲ ಕೆಳಗಿಟ್ಟು ಹತ್ತಿರ ಬಂದರು. ಭಾಗ್ಯ ಹೊರಗೆ ತೆವಳಿ ಬಂದು, ಕೂದಲಿಗೆ ಹತ್ತಿದ್ದ ಮರದ ಹೊಟ್ಟು ಕೊಡವಿಕೊಂಡು, ಎರಡೂ ಕೈ ಸೊಂಟದ ಮೇಲಿಟ್ಟು ನಿಂತಳು. ನಂಜಣ್ಣ ಬೀಟೆಯ ಹಿಡಿ ಎಳೆದು ಬಿಟ್ಟರು.